ಒಂದೇ ಪೆಟ್ಟಿಗೆಯಲ್ಲಿ ಎರಡು ನಾದ

ವಿಶಾಲವಾದ ಮಂದಿರದಲ್ಲಿ ಕೈತಟ್ಟಿದರೆ ಆ ಶಬ್ದವು ಗೋಡೆಯನ್ನು ಮುಟ್ಟಿ ಹಿಂದಿರುಗುವುದನ್ನು ನಾವೆಲ್ಲರೂ ಕೇಳಿರುವೆವು. ನಮ್ಮ ಸೀಮೆಯ ಶೆಟ್ಟಿಹಳ್ಳಿಯಲ್ಲಿ 19ನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ರೋಸರಿ ದೇವಾಲಯದೊಳಗೂ ಹಿಂದೆ ಗೀತಗಳು ಹೀಗೆಯೇ ಮರುದನಿಗೊಂಡಿರಬೇಕು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟಾದ ಬಳಿಕ ಅದು ಹಿನ್ನೀರಿನ ಪಾಲಾಯಿತು. ಚಾವಣಿಯಿಲ್ಲದ ಆ ಭಗ್ನಮಂದಿರದಲ್ಲಿ ಈಗ ದನಿಯು ಮೇಲಕ್ಕೆ ಹೊರಟುಹೋಗುವುದು. ಆದರೆ ಗೋಡೆಯಿಲ್ಲದ ಕಡೆಯಲ್ಲಿಯೂ ಮರುದನಿಯನ್ನು ಹುಟ್ಟಿಸುವ ಸಣ್ಣ ಯಂತ್ರವೊಂದುಂಟು. ವಿದ್ಯುತ್ ಗಿಟಾರನ್ನು ನುಡಿಸುವವರು ಅದನ್ನು ಕಾಲಿನಿಂದ ಒತ್ತುವುದರಿಂದ ಅದಕ್ಕೆ ಪೆಡಲ್ ಎಂದು ಹೆಸರು.

ಒಮ್ಮೆ ನಮ್ಮ ವಾದ್ಯಗೋಷ್ಠಿಯಲ್ಲಿ ಬಾಲಿಕೆಯೊಬ್ಬಳು ಇಂತಹ ಎರಡು ಪೆಡಲ್‌ಗಳನ್ನು ಇಟ್ಟುಕೊಂಡು ನುಡಿಸುತ್ತಿದ್ದಳು. ಹಾಡಿನ ನಡುವೆ ಗಿಟಾರು ಮೂಕವಾಯಿತು. ಅವಳು ಬಾಗಿ ಒಂದೊಂದು ತಂತಿಯನ್ನೂ ಅಲುಗಿಸಿ ನೋಡುವಷ್ಟರಲ್ಲಿ ಹಾಡು ಮುಗಿದುಹೋಯಿತು. ಎರಡು ಪೆಡಲ್‌ಗಳನ್ನು ಕೂಡಿಸುವ ಗೇಣುದ್ದದ ತಂತಿಯು ಒಳಗೆ ಕಡಿದಿತ್ತು. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಅಡಗಿಸಿದರೆ ಆ ತಂತಿಯೇ ಬೇಡವಷ್ಟೆ! ಅದನ್ನು ಮಾಡುವ ಕ್ರಮವನ್ನು ಇಲ್ಲಿ ವಿವರಿಸುವೆನು.

ಮೊದಲನೆಯ ಪೆಡಲ್ 'ಫಜ್'. ಗಿಟಾರಿನ ಕ್ಷೀಣವಾದ ವಿದ್ಯುತ್ತರಂಗವನ್ನು ಇದು ಬಹಳವಾಗಿ ಹಿಗ್ಗಿಸಿ ಅದರ ತುದಿಗಳನ್ನು ಕತ್ತರಿಸುವುದು, ದನಿಯು ಗಡುಸಾಗುವುದು. ಅಂಗಡಿಗೆ ಬಂದ ಮೊದಲ ಫಜ್ ಪೆಡಲ್‌ಗಳಲ್ಲೊಂದಾದ ಮಾಯೆಸ್ಟ್ರೊ ಫಜ್‌ಟೋನ್ 1962ರದು. ಎರಡನೆಯದು ಮರುದನಿಯ 'ಡಿಲೇ'. ಮನೆಯಲ್ಲಿ ಕಟ್ಟುವ ಡಿಲೇಗಳಲ್ಲಿ ಪಿ.ಟಿ. 2399 ಎಂಬ ಬಿಲ್ಲೆಯನ್ನು ಬಹಳವಾಗಿ ಬಳಸುವರು. ಅದು ದನಿಯನ್ನು ಸುಮಾರು ಸೆಕೆಂಡಿನ ಮೂರನೆಯ ಒಂದು ಭಾಗದಷ್ಟು ಹೊತ್ತು ತಡೆದು ಮರಳಿಸಬಲ್ಲುದು. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದಾದ್ದರಿಂದ, ಐವತ್ತಾರು ಮೀಟರ್ ದೂರದ ಗೋಡೆಯೊಂದು ಆ ಬಿಲ್ಲೆಯಲ್ಲಿ ಅಡಗಿದೆಯೆನ್ನಬಹುದು.

ಇವುಗಳಲ್ಲಿ ಯಾವುದು ಮುಂದೆ ಇರಬೇಕು? ಫಜ್ ಮುಂದಿದ್ದರೆ ಗಡುಸಾದ ದನಿಯೇ ಒಂದಾದ ಮೇಲೊಂದರಂತೆ ಸ್ಪಷ್ಟವಾಗಿ ಮರುಕಳಿಸುವುದು. ಡಿಲೇ ಮುಂದಿದ್ದರೆ ಮೂಲದನಿಯೂ ಮರುದನಿಗಳೂ ಒಟ್ಟಿಗೆ ಕತ್ತರಿಸಲ್ಪಟ್ಟು ಕಲಸಿಹೋಗುವುವು. ಆದುದರಿಂದ ಗಿಟಾರಿನ ತಂತಿಯು ಮೊದಲು ಫಜ್‌ನ ಸ್ವಿಚ್ಚಿಗೆ, ಅಲ್ಲಿಂದ ಡಿಲೇಯ ಸ್ವಿಚ್ಚಿಗೆ, ಅಲ್ಲಿಂದ ಹೊರದಾರಿಗೆ ಹೋಗತಕ್ಕದ್ದು. ಎರಡಕ್ಕೂ ಒಂಬತ್ತು ಕಾಲುಗಳುಳ್ಳ ಬೇರೆಬೇರೆ ಸ್ವಿಚ್ಚುಗಳಿರಲಿ. ಆಗ ಒಂದನ್ನು ಆರಿಸಿದರೂ ದನಿಯು ಅದನ್ನು ಬಳಸಿಕೊಂಡು ಮುಂದಕ್ಕೆ ಸಾಗುವುದು. ಉರಿಯುತ್ತಿರುವುದು ಯಾವುದೆಂದು ಪುಟ್ಟ ದೀಪವು ತಿಳಿಸುವುದು.

ವಿದ್ಯುತ್ತನ್ನು ಕೊಡುವಲ್ಲಿ ಎಚ್ಚರಿಕೆಯು ಅವಶ್ಯಕ. 9 ವೋಲ್ಟಿನ ಒಂದೇ ಮೂಲದಿಂದ ಎರಡಕ್ಕೂ ಸಮಾನಾಂತರವಾಗಿ ಕವಲೊಡೆಯಬೇಕು. ಡಿಲೇಯ ಬಿಲ್ಲೆಗೆ 5 ವೋಲ್ಟು ಸಾಕಾದುದರಿಂದ ಅದರ ಮುಂದೆ ಮೂರು ಕಾಲಿನ ನಿಯಂತ್ರಕವಿರಬೇಕು. ಆ ಬಿಲ್ಲೆಯ ಸೂಕ್ಷ್ಮವಾದ ಸದ್ದು ಫಜ್‌ಗೆ ನುಸುಳಿದರೆ ಅದು ಅದನ್ನೂ ಹಿಗ್ಗಿಸಿಬಿಡುವುದು. ಪ್ರತಿಯೊಂದು ಕವಲಿಗೂ 100 ಓಮಿನ ರೋಧಕವನ್ನೂ 100 ಮೈಕ್ರೊಫ್ಯಾರಡ್‌ನ ಕೆಪಾಸಿಟರನ್ನೂ ಜೋಡಿಸಿದರೆ ಆ ತೊಂದರೆ ಬಹುಮಟ್ಟಿಗೆ ತಪ್ಪುವುದು. ಹಳೆಯ ಮಾದರಿಯ ಕೆಲವು ಜರ್ಮೇನಿಯಮ್ ಫಜ್‌ಗಳಲ್ಲಿ ಧನ ತುದಿಯೇ ನೆಲಕ್ಕೆ ಸೇರಿರುವುದು. ಅವುಗಳನ್ನು ಡಿಲೇಯೊಡನೆ ಒಂದೇ ಮೂಲಕ್ಕೆ ಎಂದಿಗೂ ಕಟ್ಟಬಾರದು. ಕಟ್ಟಿದರೆ ಮೂಲವೇ ಮೊಟಕುಗೊಂಡು ಕೆಡುವುದು.

ಪೆಟ್ಟಿಗೆಯು ಲೋಹದ್ದಾಗಿರಲಿ, ಅದು ಹೊರಗಿನ ಗುಂಯ್‌ಗುಡುವಿಕೆಯನ್ನು ತಡೆಯುವುದು. ಸ್ಟೀಲಿನ ಡಬ್ಬಿಯನ್ನು ಕೊರೆಯುವುದು ಕಷ್ಟ, ಅಲ್ಯೂಮಿನಿಯಮ್ಮಿನದು ಸುಲಭ. ಪೆಡಲ್‌ಗಳ ವಿದ್ಯುತ್ತಿನಲ್ಲಿ ಸಾಮಾನ್ಯವಾಗಿ ನಡುವಿನ ಸೂಜಿಯು ಋಣ, ಸುತ್ತಲಿನ ಬಳೆಯು ಧನ. ಆ ಬಳೆಯು ಪೆಟ್ಟಿಗೆಯ ಲೋಹವನ್ನು ಮುಟ್ಟದಂತೆ ಪ್ಲಾಸ್ಟಿಕ್ಕಿನ ಸಾಕೆಟ್ಟನ್ನೇ ಕೂರಿಸಬೇಕು. ಬೆಸುಗೆ ಹಾಕುವಾಗ ಕಿಟಕಿಯು ತೆರೆದಿರಲಿ, ಮುಗಿದ ಬಳಿಕ ಕೈ ತೊಳೆಯುವುದನ್ನು ಮರೆಯಬಾರದು. ಮುಚ್ಚಳವನ್ನು ಹಾಕುವ ಮೊದಲು ಪ್ರತಿಯೊಂದನ್ನೂ ಬೇರೆಬೇರೆಯಾಗಿ, ಅನಂತರ ಒಟ್ಟಿಗೆ ನುಡಿಸಿ ನೋಡಬೇಕು.

ಈ ಏರ್ಪಾಡಿಗೆ ದೋಷವಿಲ್ಲದೆ ಇಲ್ಲ. ಒಂದು ಕೆಟ್ಟರೆ ಎರಡೂ ದುರಸ್ತಿಗೆ ಹೋಗುವುವು. ಇವುಗಳ ನಡುವೆ ಮತ್ತೊಂದು ಪೆಡಲನ್ನು ಸೇರಿಸಲಾಗದು. ಆದರೆ ವೇದಿಕೆಯ ಮೇಲೆ ಕಡಿಯಬಹುದಾದ ತಂತಿಯೊಂದು ಕಡಿಮೆಯಾಯಿತು.

ಇಂತಹುದೆಲ್ಲ ಗಂಡಸರ ಕೆಲಸವೆಂದು ಕೆಲವರು ಹೇಳುವರು. ಹೊಲಿಗೆಯ ಸೂಜಿಯನ್ನು ತಪ್ಪದೆ ನಡೆಸುವ ಕೈಗೆ ಬೆಸುಗೆಯ ಸಲಾಕೆಯು ಹೊರೆಯೆ? ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು ಕೊಳಲನ್ನೂ ಎಂಜಿನಿಯರಿಂಗನ್ನೂ ಎರಡನ್ನೂ ಬಲ್ಲವರಾದುದರಿಂದಲೇ ತಂಬೂರಿಯ ಶ್ರುತಿಯನ್ನು ವಿದ್ಯುತ್ ಪೆಟ್ಟಿಗೆಯೊಳಕ್ಕೆ ತರಬಲ್ಲವರಾದರು. ಹಾಡನ್ನು ಬಲ್ಲ ಬಾಲಿಕೆಯರು ಅದರ ಉಪಕರಣವನ್ನೂ ಬಲ್ಲವರಾಗಲಿ. ಅಂದು ತಲೆತಗ್ಗಿಸಿ ವೇದಿಕೆಯಿಂದಿಳಿದ ಆ ಬಾಲಿಕೆಯೇ ಮೇಲೆ ಹೇಳಿದ ಪೆಟ್ಟಿಗೆಯನ್ನು ತನ್ನ ಕೈಯಿಂದ ಕಟ್ಟಿದಳು. ಮೊದಲನೆಯ ಸಲ ಅದು ನುಡಿಯಲಿಲ್ಲ. ಒಂದು ಬೆಸುಗೆ ಹಿಡಿದಿರಲಿಲ್ಲ. ಅದು ಯಾವುದೆಂದು ಅವಳೇ ಕಂಡುಹಿಡಿದಳು.