ಗೇಮ್ ಆಡದ ಮನೆಯಲ್ಲಿ ಗೇಮ್ ಕನ್ಸೋಲ್: ಅಪ್ಪ-ಅಮ್ಮನಿಗೆ ಕನ್ನಡ ಟಿವಿ ಆಗುತ್ತಾ?

ವಿಡಿಯೋ ಪೂರ್ತಿ ನೋಡೋಕೆ ಪುರುಸೊತ್ತು ಇಲ್ಲದವರಿಗೆ, ಆಫೀಸ್ ಬಸ್ಸಲ್ಲಿ ಕೂತು ಓದೋರಿಗೆ ಅಂತ ಈ ಸಲದ ಮಾತನ್ನೂ ಬರಹಕ್ಕೆ ಇಳಿಸಿದ್ದೇನೆ. ಮಾತಿನ ಧಾಟಿ ಹಾಗೇ ಉಳಿಸಿಕೊಂಡಿದ್ದೇನೆ, ಸ್ವಲ್ಪ ಹೊಂದಿಸಿಕೊಂಡು ಓದಿ.

ಇವತ್ತಿನ ವಿಷಯ ಗುಜರಾತಿನಲ್ಲಿರೋ ನಮ್ಮಂಥವರ ಮನೆಯದ್ದು. ಅಹಮದಾಬಾದ್–ಗಾಂಧಿನಗರದ ಕಡೆ ಕೆಲಸ ಮಾಡೋ ಎಷ್ಟೋ ಹುಡುಗರ ಕಥೆ ಒಂದೇ ಥರ. ಮದುವೆಗೆ ಮುಂಚೆ ಪ್ಲೇಸ್ಟೇಷನ್ನೋ ಎಕ್ಸ್‌ಬಾಕ್ಸೋ ತಗೊಂಡಿರ್ತಾರೆ. ಆಮೇಲೆ ಮದುವೆ, ಮಗು, ರಾತ್ರಿ ಕ್ಲೈಂಟ್ ಕಾಲ್. ಗೇಮ್ ಆಡೋದು ನಿಂತುಹೋಗುತ್ತೆ, ಪೆಟ್ಟಿಗೆ ಮಾತ್ರ ಟಿವಿ ಕೆಳಗೆ ಧೂಳು ತಿಂತಾ ಇರುತ್ತೆ. ಅಷ್ಟರಲ್ಲಿ ಊರಿಂದ ಅಪ್ಪ-ಅಮ್ಮ ನಾಲ್ಕು ತಿಂಗಳು ಇರೋಕೆ ಬರ್ತಾರೆ. ಯಶವಂತಪುರ–ಅಹಮದಾಬಾದ್ ರೈಲಲ್ಲಿ ಸೂರತ್, ವಡೋದರಾ ದಾಟಿ ಬಂದು ಇಳಿದಾಗ ಸೂಟ್‌ಕೇಸಲ್ಲಿ ಹಪ್ಪಳ, ಉಪ್ಪಿನಕಾಯಿ ಜೊತೆಗೆ ಯಕ್ಷಗಾನದ ನಾಲ್ಕು ಡಿಸ್ಕೂ ಇರುತ್ತೆ. ಆಗ ಏಳೋ ಪ್ರಶ್ನೆ: ಈ ಪೆಟ್ಟಿಗೆಯನ್ನೇ ಅವರಿಗೆ ಟಿವಿ ಮಾಡಿ ಕೊಡಬಹುದಾ, ಇಲ್ಲಾ ಬೇರೆ ತಗೋಬೇಕಾ?

ನನ್ನ ಉತ್ತರ ಮೊದಲೇ ಹೇಳಿಬಿಡ್ತೀನಿ. ಮನೆಯಲ್ಲಿ ಕನ್ಸೋಲ್ ಆಗಲೇ ಇದ್ದರೆ ಧಾರಾಳವಾಗಿ ಬಳಸಿ. ಬರೀ ಸಿನಿಮಾ ನೋಡೋಕೆ ಅಂತ ಹೊಸದು ಕೊಳ್ಳಬೇಡಿ. ಇನ್ನೊಂದು ಮುಖ್ಯ ಮಾತು: ಕನ್ಸೋಲ್‌ಗೆ ಶಕ್ತಿ ಬೇಕಾದಷ್ಟಿದೆ, ಅದು ತೊಂದರೆಯೇ ಅಲ್ಲ. ನೀವು ಮನೆಯಲ್ಲಿ ಇಲ್ಲದಾಗ ಅದನ್ನ ಹಿರಿಯರು ತಾವೇ ಹಚ್ಚಿ, ತಾವೇ ಆರಿಸೋಕೆ ಆಗುತ್ತಾ ಅನ್ನೋದೇ ನಿಜವಾದ ಪರೀಕ್ಷೆ.

ಗೇಮ್ ಪೆಟ್ಟಿಗೆಯಲ್ಲಿ ಸಿನಿಮಾ ನೋಡೋದು ಹೊಸ ಐಡಿಯಾ ಏನಲ್ಲ. 2000ರಲ್ಲಿ ಬಂದ ಪಿಎಸ್2 ಡಿವಿಡಿ ಓಡಿಸುತ್ತಿತ್ತು, 2006ರ ಪಿಎಸ್3 ಬ್ಲೂ-ರೇ ಓಡಿಸಿತು. ಈಗ ಎಲ್ಲರೂ ಬಳಸೋ ಕೋಡಿ ಅನ್ನೋ ಉಚಿತ ತಂತ್ರಾಂಶ ಹುಟ್ಟಿದ್ದೇ ಮೊದಲ ಎಕ್ಸ್‌ಬಾಕ್ಸ್‌ಗೋಸ್ಕರ. ಅದರ ಹಳೇ ಹೆಸರು ಎಕ್ಸ್‌ಬಾಕ್ಸ್ ಮೀಡಿಯಾ ಸೆಂಟರ್, ಕೋಡಿ ಅಂತ ಹೆಸರು ಬದಲಾಗಿದ್ದು 2014ರಲ್ಲಿ.

ಈಗ ಮೂರು ಊರಿನ ಮೂರು ಮನೆ ನೋಡೋಣ. ಮೂರರಲ್ಲೂ ಪೆಟ್ಟಿಗೆ ಬೇರೆ, ಹಾಗಾಗಿ ದಾರಿಯೂ ಬೇರೆ.

ಅಹಮದಾಬಾದ್: ಹಳೇ ಪಿಎಸ್4

ಇದು ನಮ್ಮನೆಯದು, ಚಾಂದಖೇಡಾದಲ್ಲಿ. ನನ್ನ ಪ್ರಕಾರ ಗೇಮ್ ಆಡದವರಿಗೆ ಅತಿ ಹೆಚ್ಚು ಉಪಯೋಗ ಆಗೋದು ಈ ಹಳೇ ಪಿಎಸ್4ರಿಂದಲೇ. ಡಿವಿಡಿ, ಬ್ಲೂ-ರೇ ಎರಡೂ ಓಡುತ್ತೆ. 2015ರಲ್ಲಿ ಇದಕ್ಕೆ ಮೀಡಿಯಾ ಪ್ಲೇಯರ್ ಅನ್ನೋ ಉಚಿತ ಆಪ್ ಬಂತು. ಪೆನ್‌ಡ್ರೈವಲ್ಲಿರೋ ಎಂಪಿ4, ಎಂಕೆವಿ ಫೈಲ್‌ಗಳನ್ನ ಅದು ನೇರವಾಗಿ ಓಡಿಸುತ್ತೆ. ಮನೆಯ ವೈಫೈನಲ್ಲಿರೋ ಲ್ಯಾಪ್‌ಟಾಪಿಂದಲೂ ತಗೊಳ್ಳುತ್ತೆ.

ಮೂರು ವಿಷಯ ಗಮನದಲ್ಲಿ ಇಟ್ಕೊಳ್ಳಿ. ಒಂದು, ಪೆನ್‌ಡ್ರೈವ್ ಎಕ್ಸ್‌ಫ್ಯಾಟ್ ಅಥವಾ ಫ್ಯಾಟ್32 ಆಗಿರಬೇಕು. ವಿಂಡೋಸ್ ಹಾರ್ಡ್‌ಡಿಸ್ಕ್‌ಗಳು ಸಾಮಾನ್ಯವಾಗಿ ಎನ್‌ಟಿಎಫ್‌ಎಸ್ ಇರುತ್ತೆ, ಅದನ್ನ ಪಿಎಸ್4 ಓದಲ್ಲ. ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸಲ್ಲ, ಹಾಗಾಗಿ ಎಕ್ಸ್‌ಫ್ಯಾಟ್ ಒಳ್ಳೇದು. ಎರಡು, ಈಗಿನ ಫೋನುಗಳು ವಿಡಿಯೋವನ್ನ ಹೆಚ್‌ಇವಿಸಿ ಅನ್ನೋ ರೂಪದಲ್ಲಿ ಉಳಿಸೋದು ಜಾಸ್ತಿ, ಪಿಎಸ್4 ಮೀಡಿಯಾ ಪ್ಲೇಯರ್‌ಗೆ ಅದು ಬರಲ್ಲ. ಮಗಳ ನಾಮಕರಣದ ವಿಡಿಯೋ ತೋರಿಸಬೇಕು ಅಂದ್ರೆ ಮೊದಲು ಲ್ಯಾಪ್‌ಟಾಪಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ ಹೆಚ್.264ಗೆ ಬದಲಾಯಿಸಿ. ಮೂರು, ಪಿಎಸ್4 ಸಿಡಿ ಓದೋದೇ ಇಲ್ಲ. ಆಡಿಯೋ ಸಿಡಿಯೂ ಇಲ್ಲ, ವಿಸಿಡಿಯೂ ಇಲ್ಲ. ಇದು ನಮ್ಮವರಿಗೆ ದೊಡ್ಡ ವಿಷಯ, ಮುಂದೆ ಮತ್ತೆ ಬರ್ತೀನಿ.

ವಡೋದರಾ: ಎಕ್ಸ್‌ಬಾಕ್ಸ್ ಸೀರೀಸ್ ಎಸ್

ಗೋತ್ರಿಯಲ್ಲಿರೋ ನನ್ನ ಗೆಳೆಯನ ಮನೆಯಲ್ಲಿ ಸೀರೀಸ್ ಎಸ್ ಇದೆ. 2020ರ ನವೆಂಬರ್‌ನಲ್ಲಿ ಬಂದ ಮಾದರಿ, ಭಾರತದಲ್ಲಿ ಆಗ 34,990 ರೂಪಾಯಿ. ಇದರಲ್ಲಿ ಡಿಸ್ಕ್ ಹಾಕೋ ಜಾಗವೇ ಇಲ್ಲ. ಆದರೆ ಹಾರ್ಡ್‌ಡಿಸ್ಕಲ್ಲಿ ಸಿನಿಮಾ ತುಂಬಿಟ್ಟುಕೊಂಡವರಿಗೆ ಇದೇ ಅನುಕೂಲ. ಎನ್‌ಟಿಎಫ್‌ಎಸ್ ಡಿಸ್ಕನ್ನೂ ಓದುತ್ತೆ. ಇದರ ಸ್ಟೋರಲ್ಲಿ ವಿಎಲ್‌ಸಿ ಇದೆ, ಕೋಡಿ ಇದೆ, ಪ್ಲೆಕ್ಸ್ ಇದೆ. ಪಿಎಸ್4 ಮುಖ ತಿರುಗಿಸೋ ಎಷ್ಟೋ ಫೈಲ್‌ಗಳನ್ನ ವಿಎಲ್‌ಸಿ ಸುಮ್ಮನೆ ಓಡಿಸುತ್ತೆ. ಎಡ್ಜ್ ಬ್ರೌಸರ್ ಬೇರೆ ಇದೆ, ಆಪ್ ಇಲ್ಲದ ಜಾಲತಾಣವನ್ನೂ ತೆರೆದು ನೋಡಬಹುದು.

ಒಂದೇ ಒಂದು ಎಚ್ಚರಿಕೆ. ಹಾರ್ಡ್‌ಡಿಸ್ಕ್ ಚುಚ್ಚಿದ ಕೂಡಲೇ ಎಕ್ಸ್‌ಬಾಕ್ಸ್ ಒಂದು ಪ್ರಶ್ನೆ ಕೇಳುತ್ತೆ: ಇದನ್ನ ಗೇಮ್‌ಗೆ ಫಾರ್ಮ್ಯಾಟ್ ಮಾಡ್ಲಾ, ಮೀಡಿಯಾಗೆ ಇಟ್ಕೊಳ್ಲಾ ಅಂತ. ಮೀಡಿಯಾ ಅಂತಲೇ ಒತ್ತಬೇಕು. ಫಾರ್ಮ್ಯಾಟ್ ಒತ್ತಿದರೆ ಇಪ್ಪತ್ತು ವರ್ಷದ ಮದುವೆ, ಗೃಹಪ್ರವೇಶದ ವಿಡಿಯೋ ಎಲ್ಲಾ ಒರೆಸಿ ಹೋಗುತ್ತೆ. ಇಂಗ್ಲಿಷ್ ಓದೋಕೆ ಕಷ್ಟ ಪಡೋರ ಕೈಯಲ್ಲಿ ಈ ಪ್ರಶ್ನೆ ಬಿಡಬೇಡಿ. ಮೊದಲ ಸಲ ನೀವೇ ಚುಚ್ಚಿ, ಮತ್ತೆ ತೆಗೆಯಬೇಡಿ.

ಸೂರತ್: ಅಮೆರಿಕದಿಂದ ಬಂದ ಪಿಎಸ್5

ಮೂರನೇ ಮನೆ ಅಡಾಜಣದಲ್ಲಿ. ಅಣ್ಣ ಅಮೆರಿಕದಿಂದ ಬರುವಾಗ ತಂದ ಪಿಎಸ್5, ಡಿಸ್ಕ್ ಇರೋ ಮಾದರಿ. 4ಕೆ ಬ್ಲೂ-ರೇ ಚೆನ್ನಾಗಿ ಓಡುತ್ತೆ. ಆದರೆ ಡಿಸ್ಕ್‌ಗೆ ರೀಜನ್ ಅಂತ ಒಂದು ಕಟ್ಟುಪಾಡಿದೆ. ಭಾರತ ಡಿವಿಡಿಯಲ್ಲಿ ರೀಜನ್ 5, ಬ್ಲೂ-ರೇನಲ್ಲಿ ಸಿ. ಅಮೆರಿಕ ಡಿವಿಡಿಯಲ್ಲಿ 1, ಬ್ಲೂ-ರೇನಲ್ಲಿ ಎ. ಅಲ್ಲಿಂದ ತಂದ ಪೆಟ್ಟಿಗೆ ಇಲ್ಲಿನ ರೀಜನ್ 5ರ ಡಿವಿಡಿಯನ್ನ ಬೇಡ ಅನ್ನುತ್ತೆ. ಡಿಸ್ಕಿನ ಹಿಂದೆ ಭೂಗೋಳದ ಚಿತ್ರದೊಳಗೆ ಸಂಖ್ಯೆ ಇರುತ್ತೆ, ನೋಡಿ. 0 ಅಥವಾ ಆಲ್ ಅಂತ ಇದ್ದರೆ ರೀಜನ್ ಅಡ್ಡ ಬರಲ್ಲ. 4ಕೆ ಬ್ಲೂ-ರೇಗೆ ಈ ರೀಜನ್ ಗೋಜಲು ಇಲ್ಲ.

ಪಿಎಸ್5 ಹೊಸದು, ದುಬಾರಿ, ಆದರೆ ಒಂದು ವಿಷಯದಲ್ಲಿ ಅಣ್ಣನಿಗಿಂತ ಹಿಂದೆ. ಪಿಎಸ್4ರ ಹಾಗೆ ಪೆನ್‌ಡ್ರೈವಿಂದ ನೇರ ಸಿನಿಮಾ ನೋಡೋ ಮೀಡಿಯಾ ಪ್ಲೇಯರ್ ಇದಕ್ಕಿಲ್ಲ. ದಾರಿ ಏನಪ್ಪಾ ಅಂದ್ರೆ ಪ್ಲೆಕ್ಸ್. ಮೂಲೆಯಲ್ಲಿ ಬಿದ್ದಿರೋ ಹಳೇ ಲ್ಯಾಪ್‌ಟಾಪಿಗೆ ಪ್ಲೆಕ್ಸ್ ಸರ್ವರ್ ಹಾಕಿ, ಸಿನಿಮಾ ಎಲ್ಲಾ ಅದರಲ್ಲಿ ಇಡಿ, ಪಿಎಸ್5ರಲ್ಲಿ ಪ್ಲೆಕ್ಸ್ ಆಪ್ ತೆರೆದರೆ ಪೋಸ್ಟರ್ ಸಮೇತ ಸಾಲಾಗಿ ಕಾಣುತ್ತೆ. ಹೆಸರು ಓದೋದಕ್ಕಿಂತ ಪೋಸ್ಟರ್ ನೋಡಿ ಆರಿಸೋದು ಹಿರಿಯರಿಗೆ ಸುಲಭ.

ವಿಸಿಡಿ ಏನು ಮಾಡೋದು?

ತಾಳಮದ್ದಳೆ, ಯಕ್ಷಗಾನ, ಹಳೇ ನಾಟಕ, ಮದುವೆ ವಿಡಿಯೋ — ನಮ್ಮ ಮನೆಗಳಲ್ಲಿ ಇದೆಲ್ಲಾ ಇರೋದು ವಿಸಿಡಿಯಲ್ಲಿ. ಪಿಎಸ್4, ಪಿಎಸ್5 ಎರಡೂ ಅದನ್ನ ಓದಲ್ಲ. ಸೀರೀಸ್ ಎಸ್‌ಗಂತೂ ಡ್ರೈವೇ ಇಲ್ಲ. ರಿಲೀಫ್ ರೋಡಿನಂಥ ಕಡೆ ಯುಎಸ್‌ಬಿಗೆ ಹಾಕೋ ಡಿವಿಡಿ ಡ್ರೈವ್ ಒಂದು ತಗೊಂಡು ಲ್ಯಾಪ್‌ಟಾಪಿಗೆ ಜೋಡಿಸಿ. ಡಿಸ್ಕಿನೊಳಗೆ ಎಂಪಿಇಜಿಎವಿ ಅನ್ನೋ ಫೋಲ್ಡರ್ ಇರುತ್ತೆ, ಅದರಲ್ಲಿರೋ ಡ್ಯಾಟ್ ಫೈಲ್‌ಗಳೇ ಸಿನಿಮಾ. ಅದನ್ನ ಕಾಪಿ ಮಾಡಿ ಎಂಪಿ4 ಆಗಿ ಬದಲಾಯಿಸಿದರೆ ಮೂರೂ ಮನೆಯಲ್ಲಿ ಓಡುತ್ತೆ. ಚಿತ್ರ ಮಸುಕಾಗಿ ಕಂಡರೆ ಟಿವಿಯ ತಪ್ಪಲ್ಲ. ವಿಸಿಡಿಯ ಚಿತ್ರ ಬರೀ 352×288 ಚುಕ್ಕಿಗಳದ್ದು, 55 ಇಂಚಿನ ಟಿವಿಯಲ್ಲಿ ಹಿಗ್ಗಿಸಿದರೆ ಅಷ್ಟೇ. ಈ ಕೆಲಸ ಮುಂದೂಡಬೇಡಿ. ಮನೆಯಲ್ಲೋ ಸ್ಟುಡಿಯೋದಲ್ಲೋ ಬರೆಸಿದ ಡಿಸ್ಕುಗಳು ವರ್ಷ ಕಳೆದ ಹಾಗೆ ಹಾಳಾಗ್ತವೆ. ಯಾರದ್ದೋ ಧ್ವನಿ, ಯಾರದ್ದೋ ನಗು ಇರೋದು ಅದೊಂದರಲ್ಲೇ ಆಗಿರಬಹುದು.

ಕನ್ನಡ ಧಾರಾವಾಹಿ, ಕನ್ನಡ ಸುದ್ದಿ

ಇಲ್ಲಿ ಕನ್ಸೋಲ್ ಸೋಲೋ ಜಾಗ ಇದೆ. ಯೂಟ್ಯೂಬ್, ನೆಟ್‌ಫ್ಲಿಕ್ಸ್, ಪ್ರೈಮ್ ಮೂರರಲ್ಲೂ ಸಿಗುತ್ತೆ. ಆದರೆ ಅಮ್ಮನಿಗೆ ಬೇಕಾಗಿರೋದು ಝೀ ಕನ್ನಡ ಅಂದ್ರೆ ಝೀ5, ಕಲರ್ಸ್ ಕನ್ನಡ ಅಂದ್ರೆ ಜಿಯೋಹಾಟ್‌ಸ್ಟಾರ್, ಉದಯ ಅಂದ್ರೆ ಸನ್ ನೆಕ್ಸ್ಟ್. ಈ ಆಪ್‌ಗಳನ್ನ ಮಾಡೋರು ಮೊದಲು ನೋಡೋದು ಆಂಡ್ರಾಯ್ಡ್ ಟಿವಿ ಮತ್ತು ಫೈರ್ ಸ್ಟಿಕ್ಕನ್ನ. ಅಮ್ಮ ನೋಡೋ ಆಪ್ ನಿಮ್ಮ ಕನ್ಸೋಲಿನ ಸ್ಟೋರಲ್ಲಿ ಹುಡುಕಿ. ಸಿಗಲಿಲ್ಲ ಅಂದ್ರೆ ಒದ್ದಾಡಬೇಡಿ, ಧಾರಾವಾಹಿಗೆ ಒಂದು ಸ್ಟಿಕ್ ಹಾಕಿ. ಡಿಟಿಎಚ್ ಇದ್ದರೆ ಇನ್ನೊಂದು ದಾರಿ: 2019ರ ಟ್ರಾಯ್ ನಿಯಮದ ನಂತರ ಚಾನೆಲ್‌ಗಳನ್ನ ಬಿಡಿಬಿಡಿಯಾಗಿ ತಗೋಬಹುದು. ಗುಜರಾತಿ ಪ್ಯಾಕ್ ಮೇಲೆ ನಾಲ್ಕು ಕನ್ನಡ ಚಾನೆಲ್ ಸೇರಿಸಿ ಅಂತ ಕೇಳಿ.

ಸುದ್ದಿಗೆ ಯೂಟ್ಯೂಬ್ ಸಾಕು, ಕನ್ನಡ ಸುದ್ದಿ ವಾಹಿನಿಗಳು ಅದರಲ್ಲಿ ಲೈವ್ ಬರ್ತವೆ. ಕಂಟ್ರೋಲರಲ್ಲಿ ಒಂದೊಂದೇ ಅಕ್ಷರ ಒತ್ತಿ ಹುಡುಕೋದು ಶಿಕ್ಷೆ. ಅದರ ಬದಲು ಅವರ ಫೋನಿನ ಯೂಟ್ಯೂಬನ್ನ ಟಿವಿ ಕೋಡ್ ಹಾಕಿ ಒಂದು ಸಲ ಜೋಡಿಸಿಕೊಡಿ. ಫೋನಲ್ಲಿ ಮೈಕ್ ಒತ್ತಿ ಕನ್ನಡದಲ್ಲೇ ಮಾತಾಡಿ ಹುಡುಕ್ತಾರೆ, ಟಿವಿಯಲ್ಲಿ ಓಡುತ್ತೆ. ಮನೆಯ ಹಿರಿಯರು ಇದನ್ನ ಕಲಿಯೋಷ್ಟು ಬೇಗ ಇನ್ಯಾವುದನ್ನೂ ಕಲಿಯಲ್ಲ.

ಕೈಗೆ ಏನು ಕೊಡ್ತೀರಿ?

ಈಗ ಮೊದಲು ಹೇಳಿದ ಪರೀಕ್ಷೆಗೆ ಬರೋಣ. ವಡೋದರಾದ ಗೆಳೆಯನ ಅಪ್ಪ ಸಾಗರದ ಕಡೆಯವರು, ನಿವೃತ್ತ ಮೇಷ್ಟ್ರು. ಒಂದು ದಿನ ಬೆಳಿಗ್ಗೆ ಹತ್ತಕ್ಕೆ ಏನೋ ಒತ್ತಿ ಟಿವಿ ಕಪ್ಪಾಯಿತು. ಗಂಡ-ಹೆಂಡತಿ ಇಬ್ಬರೂ ಆಫೀಸಲ್ಲಿ. ಅಕ್ಕಪಕ್ಕದವರ ಜೊತೆ ಮಾತಾಡೋಕೆ ಗುಜರಾತಿ ಬರಲ್ಲ, ಹಿಂದಿ ಅಷ್ಟಕ್ಕಷ್ಟೇ. ಸಂಜೆ ಏಳರವರೆಗೆ ಹಾಗೇ ಕೂತಿದ್ದಾರೆ. ಯಾಕಪ್ಪಾ ಫೋನ್ ಮಾಡಲಿಲ್ಲ ಅಂದ್ರೆ, "ನಿಂಗೆ ಮೀಟಿಂಗ್ ಇರ್ತದೆ ಮಾರಾಯ, ಟಿವಿಗೋಸ್ಕರ ಎಂಥಕ್ಕೆ ಕರೆಯೋದು" ಅಂದ್ರಂತೆ. ಇಡೀ ದಿನದಲ್ಲಿ ಕಿವಿಗೆ ಬೀಳೋ ಕನ್ನಡ ಅದೊಂದೇ ಆಗಿರುವಾಗ ಟಿವಿ ಬರೀ ಕಾಲಕ್ಷೇಪ ಅಲ್ಲ.

ಗೇಮ್ ಕಂಟ್ರೋಲರ್ ಈ ಕೆಲಸಕ್ಕೆ ಆಗಿಬರಲ್ಲ. ಕೆಳಗಡೆ ಬೆರಳಿಗೆ ಸಿಗೋ ಎರಡು ಗುಂಡಿ ಇದೆಯಲ್ಲ, ಟೇಬಲ್ ಮೇಲೆ ಇಟ್ಟರೆ ಸಾಕು, ಅವು ಒತ್ತಿಕೊಂಡು ಸಿನಿಮಾ ಓಡೋಕೆ ಶುರು ಮಾಡುತ್ತೆ. ಸ್ವಲ್ಪ ಹೊತ್ತು ಮುಟ್ಟದಿದ್ದರೆ ತಾನೇ ಆರಿಹೋಗುತ್ತೆ, ಚಾರ್ಜೂ ಮುಗಿಯುತ್ತೆ.

ಅದಕ್ಕೆ ಟಿವಿ ರಿಮೋಟಿಂದಲೇ ನಡೆಸಿ. ಟಿವಿ ಸೆಟ್ಟಿಂಗಲ್ಲಿ ಎಚ್‌ಡಿಎಂಐ-ಸಿಇಸಿ ಅನ್ನೋದನ್ನ ಆನ್ ಮಾಡಬೇಕು. ಸ್ಯಾಮ್‌ಸಂಗ್ ಇದನ್ನ ಎನಿನೆಟ್ ಪ್ಲಸ್ ಅನ್ನುತ್ತೆ, ಎಲ್‌ಜಿ ಸಿಂಪ್‌ಲಿಂಕ್, ಸೋನಿ ಬ್ರಾವಿಯಾ ಸಿಂಕ್. ಪ್ಲೇಸ್ಟೇಷನ್ನಲ್ಲಿ ಎಚ್‌ಡಿಎಂಐ ಡಿವೈಸ್ ಲಿಂಕ್ ಆನ್ ಮಾಡಿ. ಹೆಚ್ಚಿನ ಟಿವಿಗಳಲ್ಲಿ ಬಾಣದ ಗುಂಡಿ, ಓಕೆ, ಬ್ಯಾಕ್ ಅಷ್ಟರಲ್ಲೇ ಪ್ಲೇಸ್ಟೇಷನ್ ನಡೆಯುತ್ತೆ. ಟಿವಿ ಆರಿಸಿದರೆ ಅದೂ ಆರುತ್ತೆ. ಪಿಎಸ್5ಗೆ ಸೋನಿಯದ್ದೇ ಮೀಡಿಯಾ ರಿಮೋಟ್ ಇದೆ, ಎಕ್ಸ್‌ಬಾಕ್ಸ್‌ಗೆ ಬೇರೆ ಕಂಪನಿಗಳ ಮೀಡಿಯಾ ರಿಮೋಟ್ ಸಿಗುತ್ತೆ. ವಡೋದರಾದ ಮನೆಯಲ್ಲಿ ಆಮೇಲೆ ಅಂಥದ್ದೊಂದು ರಿಮೋಟ್ ಬಂತು, ಮೇಷ್ಟ್ರು ಈಗ ಅದರಲ್ಲೇ ನಡೆಸ್ತಾರೆ.

ಹಿರಿಯರಿಗೆ ಬೇರೆಯೇ ಯೂಸರ್ ಮಾಡಿ, ಪಾಸ್‌ವರ್ಡ್ ಇಲ್ಲದೆ ತೆರೆಯೋ ಹಾಗೆ ಇಡಿ. ಸ್ಟೋರಲ್ಲಿ ಖರೀದಿಗೆ ಮಾತ್ರ ಪಾಸ್‌ವರ್ಡ್ ಕೇಳಲಿ.

ಕರೆಂಟು, ಸೆಕೆ

ಮೊದಲ ಮಾದರಿಯ ಪಿಎಸ್4 ವಿಡಿಯೋ ಓಡಿಸುವಾಗ ಸುಮಾರು 85 ವ್ಯಾಟ್ ಎಳೆಯುತ್ತೆ. ದಿನಕ್ಕೆ 4 ಗಂಟೆ ಅಂದ್ರೆ ತಿಂಗಳಿಗೆ 10 ಯೂನಿಟ್. ಸ್ಟಿಕ್ 5 ವ್ಯಾಟ್ ಅಂತ ಇಟ್ಟುಕೊಂಡರೂ ತಿಂಗಳಿಗೆ ಅರ್ಧ ಯೂನಿಟ್ ಚಿಲ್ಲರೆ. ಅಹಮದಾಬಾದಿನ ಟೊರೆಂಟ್ ಬಿಲ್ಲಾಗಲಿ ವಡೋದರಾದ ಎಂಜಿವಿಸಿಎಲ್ ಬಿಲ್ಲಾಗಲಿ, ಇದರಿಂದ ಮುಳುಗಿಹೋಗಲ್ಲ. ಆದರೆ ಟಿವಿ ಹಚ್ಚಿಟ್ಟೇ ನಿದ್ದೆ ಮಾಡೋ ಮನೆ ಆದ್ರೆ ಪವರ್ ಸೆಟ್ಟಿಂಗಲ್ಲಿ ತಾನೇ ಆರೋ ಹಾಗೆ ಸಮಯ ಹಾಕಿ.

ಇಲ್ಲಿ ಕರೆಂಟಿಗಿಂತ ಸೆಕೆ ದೊಡ್ಡ ಶತ್ರು. ಪ್ಲೇಸ್ಟೇಷನ್ 35 ಡಿಗ್ರಿವರೆಗಿನ ವಾತಾವರಣಕ್ಕೆ ಮಾಡಿದ್ದು. ಅಹಮದಾಬಾದಲ್ಲಿ 2016ರ ಮೇ ತಿಂಗಳಲ್ಲಿ 48 ಡಿಗ್ರಿ ಮುಟ್ಟಿತ್ತು, ಎಸಿ ಹಾಕದ ಹಾಲ್‌ನಲ್ಲಿ ಮೇ ಮಧ್ಯಾಹ್ನ 35 ಯಾವ ಲೆಕ್ಕ! ಗಾಜಿನ ಬಾಗಿಲಿನ ಶೋಕೇಸೊಳಗೆ ಇಡಬೇಡಿ, ಮೇಲೆ ಕಸೂತಿ ಬಟ್ಟೆ ಹೊದಿಸಬೇಡಿ, ಗಾಳಿ ಹೋಗೋ ಕಿಂಡಿಗಳ ಧೂಳು ತಿಂಗಳಿಗೊಮ್ಮೆ ತೆಗೀರಿ.

ಹಾಗಾದ್ರೆ ಲೆಕ್ಕ ಇಷ್ಟೇ. ಡಿಸ್ಕ್, ಹಾರ್ಡ್‌ಡಿಸ್ಕ್, ಮನೆಯ ವಿಡಿಯೋ, ಯೂಟ್ಯೂಬ್ ಇದಕ್ಕೆಲ್ಲಾ ಮನೆಯಲ್ಲಿರೋ ಕನ್ಸೋಲ್ ಸಾಕು. ಕನ್ನಡ ಧಾರಾವಾಹಿಗೆ ಸ್ಟಿಕ್ ಅಥವಾ ಡಿಟಿಎಚ್. ಎಲ್ಲಾ ಜೋಡಿಸಿದ ಮೇಲೆ ದಪ್ಪ ಪೆನ್ನಲ್ಲಿ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಟಿವಿ ಪಕ್ಕ ಅಂಟಿಸಿ: ಯಾವ ಗುಂಡಿ ಒತ್ತಿದರೆ ಶುರು, ಯಾವುದು ಒತ್ತಿದರೆ ಹಿಂದಕ್ಕೆ, ಟಿವಿ ಕಪ್ಪಾದರೆ ಇನ್‌ಪುಟ್ ಎಷ್ಟನೇ ನಂಬರಿಗೆ ಇಡಬೇಕು, ಅದಕ್ಕೂ ಆಗದಿದ್ದರೆ ಫೋನ್ ಮಾಡಿ, ಮೀಟಿಂಗ್ ಇದ್ದರೂ ಪರವಾಗಿಲ್ಲ. ಆ ಕೊನೇ ಸಾಲನ್ನ ಮಾತ್ರ ಮರೆಯದೆ ಬರೆಯಿರಿ.