ಸಿ, ಎಎಂ, ಎಫ್, ಜಿ ಅಂದ್ರೆ ಎಂಥದ್ದು?

ನಿಮ್ಮ ಮನೆಯಲ್ಲೂ ಒಂದು ಕೀಬೋರ್ಡ್ ಇದ್ದೀತು. ಮಗಳ ಹುಟ್ಟುಹಬ್ಬಕ್ಕೆ ಮಾವ ಕೊಡಿಸಿದ್ದೋ, ದುಬೈಯಿಂದ ಬಂದ ಚಿಕ್ಕಪ್ಪನ ಉಡುಗೊರೆಯೋ! ಮೊದಲ ತಿಂಗಳು ಊಟ-ನಿದ್ದೆ ಬಿಟ್ಟು ನುಡಿಸಿದ್ದು, ಆಮೇಲೆ ಹಳೆ ಬೆಡ್‌ಶೀಟು ಹೊದ್ದು ಕಪಾಟಿನ ಮೇಲೆ ಮಲಗಿದ್ದು. ಯಾಕೆ ಹೀಗಾಯಿತು ಅಂತ ವಿಚಾರಿಸಿದರೆ ಹೆಚ್ಚಿನ ಮನೆಗಳಲ್ಲಿ ಉತ್ತರ ಒಂದೇ. ಬಲಗೈಯಲ್ಲಿ ಹಾಡು ನುಡಿಸಲು ಬೇಗ ಬರುತ್ತದೆ. ಎಡಗೈಯ ಪಾಠ ಶುರುವಾದಾಗ ಮಕ್ಕಳು ಕೈಚೆಲ್ಲುತ್ತಾರೆ. ಮನೆಯಲ್ಲಿ ಹೇಳಿಕೊಡುವವರು ಯಾರೂ ಇರುವುದಿಲ್ಲ.

ಶಿರ್ವದಲ್ಲಿ ನನ್ನ ಗೆಳತಿಯೊಬ್ಬರ ಮಗ ಪ್ರತಿ ಶನಿವಾರ ಬಸ್ಸಿನಲ್ಲಿ ಉಡುಪಿಗೆ ಹೋಗಿ ಕೀಬೋರ್ಡ್ ಕಲಿಯುತ್ತಾನೆ. ಪುಸ್ತಕದಲ್ಲಿ ಹಾಡಿನ ಸಾಲಿನ ಮೇಲೆ ಸಿ, ಎಎಂ, ಎಫ್, ಜಿ ಅಂತ ಇಂಗ್ಲಿಷ್ ಅಕ್ಷರಗಳು. "ಅಮ್ಮಾ, ಇದು ಎಂಥ?" ಎಂದು ಅವನು ಕೇಳುವುದು, "ನಿನ್ನ ಟೀಚರ್ ಹತ್ರ ಕೇಳು" ಎಂದು ಇವರು ಹೇಳುವುದು. ಮುಂದಿನ ಶನಿವಾರದವರೆಗೆ ಯಾರಿಗೆ ನೆನಪಿರುತ್ತದೆ? "ತಿಂಗಳ ಫೀಸು, ಬಸ್ಸಿನ ಖರ್ಚು ಸುಮ್ಮನೆ ದಂಡ. ಈ ತಿಂಗಳಿಗೆ ಬಿಡಿಸುವ ಅಂತ ಇದ್ದೇನೆ ಮಾರಾಯ್ತಿ" ಅಂದರು. ತಮಾಷೆಯೆಂದರೆ ಈ ಗೆಳತಿ ಮದುವೆಗೆ ಮುಂಚೆ ಸಂಗೀತದ ಜೂನಿಯರ್ ಪರೀಕ್ಷೆ ಪಾಸು ಮಾಡಿದವರು. ಸ ಗ ಪ ಹಾಡಲು ಬರುವವರಿಗೆ ಕಾರ್ಡಿನ ಮುಕ್ಕಾಲು ಪಾಲು ಗೊತ್ತಿದ್ದ ಹಾಗೆಯೇ. ಹೆಸರು ಮಾತ್ರ ಬೇರೆ.

ಮೊದಲು ಮನೆಗಳ ಹೆಸರು ನೋಡೋಣ. ಕೀಬೋರ್ಡಿನಲ್ಲಿ ಕಪ್ಪು ಮನೆಗಳು ಎರಡರ ಗುಂಪು, ಮೂರರ ಗುಂಪು ಹೀಗೆ ಸರದಿಯಲ್ಲಿ ಇರುತ್ತವೆ. ಎರಡರ ಗುಂಪಿನ ಎಡಕ್ಕೆ ತಾಗಿಕೊಂಡಿರುವ ಬಿಳಿ ಮನೆಯೇ ಸಿ. ಅಲ್ಲಿಂದ ಬಲಕ್ಕೆ ಡಿ, ಇ, ಎಫ್, ಜಿ. ಜಿ ಆದ ಮೇಲೆ ಮತ್ತೆ ಎ, ಬಿ, ಆಮೇಲೆ ಪುನಃ ಸಿ. ಭಜನೆಗೋ ಯಕ್ಷಗಾನಕ್ಕೋ ಹೋಗುವವರ ಬಾಯಲ್ಲಿ 'ಬಿಳಿ ನಾಲ್ಕು', 'ಕಪ್ಪು ಒಂದು' ಎಂಬ ಶ್ರುತಿ ಕೇಳಿರುತ್ತೀರಲ್ಲ, ಅದೂ ಇದೇ ಲೆಕ್ಕ. ಬಿಳಿ ಒಂದು ಅಂದರೆ ಸಿ, ಬಿಳಿ ನಾಲ್ಕು ಅಂದರೆ ಎಫ್, ಬಿಳಿ ಐದು ಜಿ. ಕಪ್ಪು ಒಂದು ಸಿ ಶಾರ್ಪ್. ಅದೇ ಕಪ್ಪು ಮನೆಯನ್ನು ಡಿ ಕಡೆಯಿಂದ ನೋಡಿದರೆ ಡಿ ಫ್ಲ್ಯಾಟ್ ಅನ್ನುತ್ತಾರೆ. ಒಬ್ಬಳೇ ಹುಡುಗಿಗೆ ತವರಿನಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಇನ್ನೊಂದು ಹೆಸರು ಇರುವುದಿಲ್ಲವೇ, ಹಾಗೆ! ಬಿಳಿ-ಕಪ್ಪು ಎಲ್ಲ ಸೇರಿ ಒಂದು ಸ್ಥಾಯಿಯಲ್ಲಿ ಹನ್ನೆರಡು ಮನೆಗಳು. ನಮ್ಮ ಹನ್ನೆರಡು ಸ್ವರಸ್ಥಾನಗಳೂ ಇವೇ.

ನಾಲ್ಕು-ಮೂರು, ಮೂರು-ನಾಲ್ಕು

ಕಾರ್ಡ್ ಅಂದರೆ ಒಂದಕ್ಕಿಂತ ಹೆಚ್ಚು ಸ್ವರಗಳನ್ನು ಒಟ್ಟಿಗೆ ನುಡಿಸುವುದು. ಸಾಮಾನ್ಯವಾಗಿ ಮೂರು. ನಮ್ಮ ಸಂಗೀತದಲ್ಲಿ ಸ್ವರಗಳು ಒಂದರ ಹಿಂದೆ ಒಂದು ಸಾಲಾಗಿ ಬರುತ್ತವೆ, ಪಾಶ್ಚಾತ್ಯ ಸಂಗೀತದಲ್ಲಿ ಒಂದರ ಮೇಲೊಂದು ಕೂತು ಬರುವುದೂ ಉಂಟು. ಇಗರ್ಜಿಯ ಗಾಯನ ಮಂಡಳಿಯಲ್ಲಿ ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂದು ನಾಲ್ಕು ದನಿಗಳು ಬೇರೆ ಬೇರೆ ಸ್ವರ ಹಿಡಿದು ಒಟ್ಟಿಗೆ ಹಾಡಿದಾಗ ಕೇಳಿಸುವ ತುಂಬಿದ ನಾದವೇ ಕಾರ್ಡ್. ನಮ್ಮ ಶಿರ್ವ, ಮೂಡುಬೆಳ್ಳೆ ಕಡೆಯ ಮಕ್ಕಳಿಗೆ ಇದು ಕಿವಿಗೆ ಹೊಸದೇನಲ್ಲ. ಕೈಗೆ ಮಾತ್ರ ಹೊಸದು.

ಮೇಜರ್ ಕಾರ್ಡ್ ಕಟ್ಟುವುದು ರಂಗೋಲಿಯ ಚುಕ್ಕಿ ಎಣಿಸಿದಷ್ಟೇ ಸುಲಭ. ಯಾವ ಮನೆಯ ಹೆಸರಿದೆಯೋ ಅಲ್ಲಿಂದ ಹೊರಡಿ. ಬಿಳಿ, ಕಪ್ಪು ಯಾವುದನ್ನೂ ಬಿಡದೆ ಬಲಕ್ಕೆ ನಾಲ್ಕು ಎಣಿಸಿ, ಅಲ್ಲಿಂದ ಮತ್ತೆ ಮೂರು. ಹೊರಟ ಮನೆಯನ್ನು ಲೆಕ್ಕಕ್ಕೆ ಹಿಡಿಯಬಾರದು, ಮಕ್ಕಳು ಎಡವುವುದು ಅಲ್ಲೇ. ಸಿ ಇಂದ ನಾಲ್ಕು ಎಣಿಸಿದರೆ ಇ, ಇ ಇಂದ ಮೂರು ಎಣಿಸಿದರೆ ಜಿ. ಸಿ-ಇ-ಜಿ ಮೂರನ್ನೂ ಒಟ್ಟಿಗೆ ಒತ್ತಿ. ಅದೇ ಸಿ ಮೇಜರ್. ಪುಸ್ತಕದಲ್ಲಿ ಬರೀ ಸಿ ಅಂತಷ್ಟೇ ಬರೆದಿರುತ್ತಾರೆ. ಅಕ್ಷರದ ಮುಂದೆ ಏನೂ ಇಲ್ಲದಿದ್ದರೆ ಅದು ಮೇಜರ್ ಎಂದೇ ತಿಳಿಯಬೇಕು. ಡಿ ಇಂದ ಹೊರಟು ನೋಡಿ: ಡಿ, ಎಫ್ ಶಾರ್ಪ್, ಎ. ನಡುವೆ ಕಪ್ಪು ಮನೆ ಬಂತೆಂದು ಗಾಬರಿ ಬೇಡ, ಎಣಿಕೆ ಸರಿ ಇದ್ದರೆ ಆಯಿತು.

ಎಣಿಕೆಯನ್ನು ತಿರುಗಿಸಿ, ಮೊದಲು ಮೂರು, ಆಮೇಲೆ ನಾಲ್ಕು ಮಾಡಿದರೆ ಮೈನರ್ ಕಾರ್ಡ್. ದೊಡ್ಡಕ್ಷರದ ಪಕ್ಕ ಸಣ್ಣ ಎಂ ಇದ್ದರೆ ಅದೇ. ಗೆಳತಿಯ ಮಗನ ಪುಸ್ತಕದ ಎಎಂ ಅಂದರೆ ಎ ಮೈನರ್: ಎ, ಸಿ, ಇ. ಮೂರೂ ಬಿಳಿ ಮನೆಗಳೇ.

ಸಂಗೀತ ಕಲಿತವರಿಗೆ ಇನ್ನೂ ಸುಲಭವಾಗಿ ಹೇಳಬಹುದು. ಮೇಜರ್ ಅಂದರೆ ಸ, ಅಂತರ ಗಾಂಧಾರ, ಪ. ಮೈನರ್ ಅಂದರೆ ಸ, ಸಾಧಾರಣ ಗಾಂಧಾರ, ಪ. ಹಿಂದುಸ್ತಾನಿ ಕಲಿತವರು ಶುದ್ಧ ಗ, ಕೋಮಲ ಗ ಎಂದುಕೊಳ್ಳಿ. ಸ-ಪ ಎರಡರಲ್ಲೂ ಅಲುಗಾಡುವುದಿಲ್ಲ, ನಡುವಿನ ಗಾಂಧಾರ ಒಂದು ಮನೆ ಕೆಳಗಿಳಿದರೆ ಸಾಕು, ಭಾವವೇ ಬದಲಾಗುತ್ತದೆ. ಸಿ ಮತ್ತು ಸಿ ಮೈನರ್ ಒಂದರ ಹಿಂದೆ ಒಂದು ನುಡಿಸಿ ಮಗುವಿಗೆ ಕಣ್ಣು ಮುಚ್ಚಿ ಕೇಳಲು ಹೇಳಿ. ನಗುವ ಮುಖ ಯಾವುದು, ಬಾಡಿದ ಮುಖ ಯಾವುದು ಅಂತ ಅದೇ ಹೇಳುತ್ತದೆ. ಇಷ್ಟು ತೋರಿಸಿದ್ದಕ್ಕೆ ನನ್ನ ಗೆಳತಿ, "ಇದಾ? ಇಷ್ಟು ದಿನ ಇದಕ್ಕೆ ಹೆದರಿದ್ದಾ ನಾನು?" ಎಂದು ಸೊಂಟಕ್ಕೆ ಸೆರಗು ಸಿಕ್ಕಿಸಿ ಕೀಬೋರ್ಡಿನ ಮುಂದೆ ಕೂತೇ ಬಿಟ್ಟರು.

ಮೂರು ಕಾರ್ಡ್ ಸಾಕು

ಪೇಟೆಯಲ್ಲಿ ನೂರಾರು ಕಾರ್ಡುಗಳ ಚಾರ್ಟ್ ಸಿಗುತ್ತದೆ. ಅದನ್ನು ಗೋಡೆಗೆ ಅಂಟಿಸಿ ಬಾಯಿಪಾಠ ಮಾಡಿಸುವುದು ನನಗೆ ಸರಿ ಕಾಣುವುದಿಲ್ಲ. ಮೊದಲ ಕೆಲವು ತಿಂಗಳಿಗೆ ಮೂರೇ ಸಾಕು: ಸ, ಮ, ಪ ಈ ಮೂರರಿಂದ ಹೊರಡುವ ಮೇಜರ್ ಕಾರ್ಡುಗಳು. ಸಿ ಷಡ್ಜವಾದರೆ ಅವು ಸಿ, ಎಫ್, ಜಿ. ಯಾಕೆ ಈ ಮೂರೇ ಅನ್ನುತ್ತೀರಾ? ಸಿ ಯಲ್ಲಿ ಸ-ಗ-ಪ ಇವೆ. ಎಫ್‌ನಲ್ಲಿ ಮ-ಧ-ಸ. ಜಿ ಯಲ್ಲಿ ಪ-ನಿ-ರಿ. ಸಪ್ತಸ್ವರಗಳೂ ಮುಗಿದವು! ಶಂಕರಾಭರಣದ ಸ್ವರಗಳಲ್ಲಿ ಯಾವುದು ಬಂದರೂ ಅದಕ್ಕೆ ಹೊಂದುವ ಕಾರ್ಡ್ ಒಂದಾದರೂ ಈ ಮೂರರಲ್ಲಿ ಇದೆ. ಇದಕ್ಕೆ ಎ ಮೈನರ್ ಒಂದು ಸೇರಿದರೆ ವಿಲ್ಫಿ ರೆಬಿಂಬಸ್ (1942-2010) ಅವರ ಕೊಂಕಣಿ ಹಾಡುಗಳಂಥ ಎಷ್ಟೋ ಸರಳ ಹಾಡುಗಳಿಗೆ ಕೈಯಾಡಿಸಲು ಧೈರ್ಯ ಬರುತ್ತದೆ.

ಆದರೆ ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಕೈ ಹಾರಿಸುವಾಗ ತಾಳ ತಪ್ಪುತ್ತದೆ. ಮಕ್ಕಳು ಅಳುವುದೇ ಇಲ್ಲಿ. ಇದಕ್ಕೊಂದು ಉಪಾಯ ಉಂಟು. ಕಾರ್ಡಿನ ಸ್ವರಗಳು ಯಾವ ಕ್ರಮದಲ್ಲಿ ಕೂತರೂ ಹೆಸರು ಬದಲಾಗುವುದಿಲ್ಲ. ಸಿ-ಇ-ಜಿ ಆಗಲಿ, ಇ-ಜಿ-ಸಿ ಆಗಲಿ, ಜಿ-ಸಿ-ಇ ಆಗಲಿ, ಎಲ್ಲವೂ ಸಿ ಮೇಜರ್. ಹೀಗೆ ಕ್ರಮ ಬದಲಿಸುವುದಕ್ಕೆ ಇನ್‌ವರ್ಷನ್ ಎನ್ನುತ್ತಾರೆ. ಎಡಗೈಯ ಕಿರುಬೆರಳು ಸಿ ಮೇಲೆ, ನಡುಬೆರಳು ಇ ಮೇಲೆ, ಹೆಬ್ಬೆರಳು ಜಿ ಮೇಲೆ ಇಡಿ. ಈಗ ಎಫ್ ಬೇಕು. ಕಿರುಬೆರಳು ಸಿ ಬಿಟ್ಟು ಏಳುವುದೇ ಬೇಡ. ತೋರುಬೆರಳಿನಲ್ಲಿ ಎಫ್, ಹೆಬ್ಬೆರಳಿನಲ್ಲಿ ಎ ಒತ್ತಿ. ಸಿ-ಎಫ್-ಎ, ಎಫ್ ಮೇಜರ್ ಆಯಿತು. ಜಿ ಬೇಕಾದರೆ ಹೆಬ್ಬೆರಳು ಜಿ ಮೇಲೇ ಇರಲಿ, ಕಿರುಬೆರಳು ಬಿ ಗೆ, ನಡುಬೆರಳು ಡಿ ಗೆ ಒಂದೊಂದು ಹೆಜ್ಜೆ ಕೆಳಗೆ ಸರಿಯಲಿ. ಎ ಮೈನರ್‌ಗೆ ಸಿ, ಇ ಹಾಗೇ ಇಟ್ಟು ಹೆಬ್ಬೆರಳನ್ನು ಜಿ ಇಂದ ಎ ಗೆ ಜರುಗಿಸಿದರೆ ಮುಗಿಯಿತು. ಇದನ್ನು ನಿಧಾನವಾಗಿ, ಒಂದೊಂದು ಕಾರ್ಡಿಗೆ ನಾಲ್ಕು ಎಣಿಸುತ್ತಾ, ದಿನಕ್ಕೆ ಹತ್ತು ನಿಮಿಷ ಮಾಡಿಸಿ. ಕುಕ್ಕರಿನಲ್ಲಿ ಅನ್ನ ಆಗುವ ಹೊತ್ತು ಸಾಕು. ವಾರಕ್ಕೊಮ್ಮೆ ಎರಡು ತಾಸು ಕೂರಿಸುವುದಕ್ಕಿಂತ ಇದೇ ಒಳ್ಳೆಯದು.

ಹೆಸರಿನ ಮುಂದೆ ಬೇರೆ ಬಾಲಗಳೂ ಇರುತ್ತವೆ. ಜಿ ಪಕ್ಕ 7 ಇದ್ದರೆ ಜಿ ಸೆವೆಂತ್: ಜಿ-ಬಿ-ಡಿ ಜೊತೆ ಎಫ್. ಇದನ್ನು ನುಡಿಸಿ ಸುಮ್ಮನಾದರೆ ಮಾತು ಅರ್ಧಕ್ಕೆ ನಿಲ್ಲಿಸಿದ ಹಾಗೆ ಅನಿಸುತ್ತದೆ. ಸಿ ಗೆ ಬಂದರೇ ಸಮಾಧಾನ. ಇಲ್ಲಿ ಒಂದು ಗೊಂದಲ ಎಲ್ಲರಿಗೂ ಆಗುತ್ತದೆ. ಬರೀ 7 ಇದ್ದರೆ ಸೇರುವುದು ಕೈಶಿಕಿ ನಿಷಾದ, ಎಂಎಜೆ 7 ಎಂದಿದ್ದರೆ ಮಾತ್ರ ಕಾಕಲಿ ನಿಷಾದ. ಹಾಗಾಗಿ ಸಿ ಸೆವೆಂತ್‌ನಲ್ಲಿ ಬರುವುದು ಬಿ ಅಲ್ಲ, ಬಿ ಫ್ಲ್ಯಾಟ್. ಸಸ್ 4 ಎಂದಿದ್ದರೆ ಗ ಬಿಟ್ಟು ಮ ಹಿಡಿಯಬೇಕು, ಅಂದರೆ ಸ-ಮ-ಪ. ಡಿಮ್ ಎಂದಿದ್ದರೆ ಮೂರು-ಮೂರು, ಆಗ್ ಎಂದಿದ್ದರೆ ನಾಲ್ಕು-ನಾಲ್ಕು ಎಣಿಕೆ. ಎರಡು ಅಕ್ಷರಗಳ ನಡುವೆ ಓರೆಗೆರೆ ಇದ್ದರೆ ಮೊದಲನೆಯದು ಕಾರ್ಡ್, ಎರಡನೆಯದು ಎಲ್ಲಕ್ಕಿಂತ ಕೆಳಗೆ ಕೇಳಬೇಕಾದ ಸ್ವರ. ಸದ್ಯಕ್ಕೆ ಇಷ್ಟು ಧಾರಾಳವಾಯಿತು.

ಇನ್ನು ಮಕ್ಕಳು ಸಾಮಾನ್ಯವಾಗಿ ಹಿಡಿಯುವ ಅಡ್ಡದಾರಿ, ಒಂದೇ ಬೆರಳಿನಲ್ಲಿ ಕಾರ್ಡ್ ನುಡಿಸುವ ಸೌಲಭ್ಯ. ಹಿಂದಿನಿಂದ ಡ್ರಮ್ಮು, ಗಿಟಾರು ಎಲ್ಲ ತಾನೇ ಬರುತ್ತದೆ, ಬಂದ ನೆಂಟರಿಗೂ ಖುಷಿ. ಆದರೆ ಇದರ ಕ್ರಮ ಎಲ್ಲ ಕಂಪನಿಗಳಲ್ಲಿ ಒಂದೇ ಅಲ್ಲ. ಯಮಹಾದಲ್ಲಿ ಮೈನರ್ ಬೇಕಾದರೆ ಆ ಮನೆಯ ಜೊತೆ ಎಡಬದಿಯ ಹತ್ತಿರದ ಕಪ್ಪು ಮನೆ ಒತ್ತಬೇಕು. ಕ್ಯಾಸಿಯೊದಲ್ಲಿ ಬಲಬದಿಯ ಯಾವುದಾದರೂ ಇನ್ನೊಂದು ಮನೆ ಒತ್ತಿದರೆ ಸಾಕು. ಒಂದರಲ್ಲಿ ರೂಢಿಯಾದ ಮಗು ಇನ್ನೊಂದರ ಮುಂದೆ ಕೂತಾಗ ತಬ್ಬಿಬ್ಬಾಗುತ್ತದೆ. ಮೂರೂ ಸ್ವರ ಹಿಡಿಯಲು ಕಲಿತವರಿಗೆ ಈ ತೊಂದರೆ ಇಲ್ಲ, ಯಾವ ಇಗರ್ಜಿಯ ಆರ್ಗನ್ ಆದರೂ, ಯಾರ ಮನೆಯ ಪಿಯಾನೊ ಆದರೂ ಸರಿ. ಹಬ್ಬದ ದಿನ ಬಟನ್ ಒತ್ತಲಿ, ದಿನದ ಅಭ್ಯಾಸ ಬೆರಳಿನಲ್ಲೇ ಆಗಲಿ.

"ಇದೆಲ್ಲ ಕಲಿತರೆ ನಮ್ಮ ಸಂಗೀತ ಕೆಡುವುದಿಲ್ಲವಾ?" ಎಂದು ಅತ್ತೆಯವರು ಕೇಳಬಹುದು. ಕೇಳುವುದರಲ್ಲಿ ಅರ್ಥವೂ ಇದೆ. ಮನೆ ಮನೆಗೆ ಸ್ವರ ಗಟ್ಟಿಯಾಗಿ ಕೂತ ವಾದ್ಯದಲ್ಲಿ ಗಮಕ ಬರುವುದಿಲ್ಲವೆಂದೇ ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ದೂರ ಇಟ್ಟಿತ್ತು. ಆದರೆ ಎರಡನ್ನೂ ಒಲಿಸಿಕೊಂಡವರೂ ನಮ್ಮಲ್ಲೇ ಇದ್ದರು. ಮೈಸೂರಿನ ಜಯಚಾಮರಾಜ ಒಡೆಯರ್ ಪಿಯಾನೊ ನುಡಿಸುತ್ತಿದ್ದರು, ಕರ್ನಾಟಕ ಸಂಗೀತದ ಕೃತಿಗಳನ್ನೂ ರಚಿಸಿದರು. ಮುತ್ತುಸ್ವಾಮಿ ದೀಕ್ಷಿತರು ಬ್ರಿಟಿಷರ ಬ್ಯಾಂಡಿನ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕೂರಿಸಿ ನೊಟ್ಟುಸ್ವರಗಳನ್ನು ಮಾಡಿದರು. ಪುಟ್ಟ ಮಕ್ಕಳು ಕಲಿಯುವ 'ಶಕ್ತಿ ಸಹಿತ ಗಣಪತಿಂ' ಅಂಥದ್ದೇ. ಅದು ಶಂಕರಾಭರಣದ ಸ್ವರಗಳಲ್ಲೇ ಇರುವುದರಿಂದ ಮಗಳು ಹಾಡುವಾಗ ಮಗ ನಮ್ಮ ಮೂರು ಕಾರ್ಡುಗಳನ್ನು ಹಿಡಿದು ನೋಡಬಹುದು. ಮೋಹನಕ್ಕೂ ಸಿ ಮತ್ತು ಎ ಮೈನರ್ ಒಪ್ಪುತ್ತವೆ, ಎರಡರಲ್ಲೂ ರಾಗಕ್ಕೆ ಹೊರತಾದ ಸ್ವರವಿಲ್ಲ.

ಆದರೆ ಮಗಳು ಮಾಯಾಮಾಳವಗೌಳದಲ್ಲಿ ಸರಳೆ ವರಸೆ ಹಾಡುವಾಗ ಜಿ ಮೇಜರ್ ಒತ್ತಬೇಡಿ. ಆ ರಾಗದ ರಿಷಭ ಕಪ್ಪು ಒಂದರಲ್ಲಿ ಇದೆ, ಜಿ ಕಾರ್ಡಿನ ಡಿ ಬಿಳಿ ಎರಡರಲ್ಲಿ. ಎರಡೂ ಒಟ್ಟಿಗೆ ಕೇಳಿದರೆ ಪಾಯಸಕ್ಕೆ ಹುಳಿ ಬಿದ್ದ ಹಾಗೆ! ಭಜನೆಗೂ ಅಷ್ಟೇ, ರಾಗ ಗೊತ್ತಿಲ್ಲದಿದ್ದರೆ ಗಾಂಧಾರ ಬಿಟ್ಟು ಸ-ಪ ಮಾತ್ರ ಹಿಡಿದು ಶ್ರುತಿಪೆಟ್ಟಿಗೆಯಂತೆ ಇಟ್ಟುಕೊಳ್ಳಿ. ಎಲ್ಲ ಹಾಡಿಗೂ ಕಾರ್ಡ್ ಮೆತ್ತಬೇಕೆಂಬ ಹಟ ಬೇಡ.

ಹೆಂಗಸರ ಕಂಠಕ್ಕೆ ಸಿ ಶ್ರುತಿ ಹೆಚ್ಚಿನವರಿಗೆ ಹೊಂದುವುದಿಲ್ಲ. ಬಿಳಿ ಐದು, ಅಂದರೆ ಜಿ ನಿಮ್ಮ ಷಡ್ಜವಾದರೆ ಸ-ಮ-ಪ ಕಾರ್ಡುಗಳು ಜಿ, ಸಿ, ಡಿ ಆಗುತ್ತವೆ. ಅಷ್ಟು ಯೋಚಿಸಲು ಬೇಡವೆನಿಸಿದರೆ ಟ್ರಾನ್ಸ್‌ಪೋಸ್ ಬಟನ್ ಉಂಟು. ಏಳು ಮನೆ ಮೇಲೆ ಅಥವಾ ಐದು ಮನೆ ಕೆಳಗೆ ಇಟ್ಟುಕೊಂಡರೆ ಬೆರಳು ಸಿ ಯಲ್ಲೇ ಇದ್ದರೂ ಸ್ವರ ಜಿ ಬರುತ್ತದೆ. ನುಡಿಸಿ ಆದ ಮೇಲೆ ಅದನ್ನು ಸೊನ್ನೆಗೆ ತಂದಿಡಿ, ಇಲ್ಲದಿದ್ದರೆ ಮರುದಿನ ಕ್ಯಾಸೆಟ್ಟಿನ ಜೊತೆಗೋ ಮೊಬೈಲಿನ ಜೊತೆಗೋ ನುಡಿಸಲು ಕೂತ ಮಗುವಿಗೆ ತಲೆಬುಡ ಅರ್ಥವಾಗುವುದಿಲ್ಲ.

ಹೊಸತಾಗಿ ಕೊಳ್ಳುವವರು ಆಟಿಕೆಯಂಥ ಸಣ್ಣ ಮನೆಗಳ ಕೀಬೋರ್ಡ್ ತರಬೇಡಿ. ಅದರಲ್ಲಿ ಕಲಿತ ಬೆರಳಿನ ಅಳತೆ ದೊಡ್ಡದರಲ್ಲಿ ಕೆಲಸಕ್ಕೆ ಬರುವುದಿಲ್ಲ. ಪೂರ್ಣ ಅಳತೆಯ 61 ಮನೆಗಳು, ಅಂದರೆ ಐದು ಸ್ಥಾಯಿ ಇರಲಿ. ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ಕೇಳಿಸುವಂಥದ್ದಾದರೆ ಇನ್ನೂ ಒಳ್ಳೆಯದು. ನೂರಾರು ದನಿಗಳು ಇವೆ ಎಂಬ ಜಾಹೀರಾತಿಗಿಂತ ಇದು ಮುಖ್ಯ. ಟ್ರಿನಿಟಿ ಕಾಲೇಜ್ ಲಂಡನ್‌ನ ಗ್ರೇಡ್ ಪರೀಕ್ಷೆಗೆ ಕೂರಿಸುವ ಯೋಚನೆ ಇದ್ದರೆ ಯಾವ ಮಾದರಿ ನಡೆಯುತ್ತದೆಂದು ಕೊಳ್ಳುವ ಮೊದಲೇ ಟೀಚರ್ ಹತ್ತಿರ ಕೇಳಿ.

ನಮ್ಮ ಕರಾವಳಿಯ ಮಳೆಗಾಲದಲ್ಲಿ ಕೀಬೋರ್ಡಿಗೆ ತುಸು ಜೋಪಾನ ಬೇಕು. ಕಿಟಕಿಯ ಬದಿ ಇಡಬೇಡಿ, ಸಿಡಿಲಿನ ಸದ್ದು ಕೇಳಿದೊಡನೆ ಅಡಾಪ್ಟರನ್ನು ಗೋಡೆಯಿಂದ ಕಿತ್ತುಬಿಡಿ. ಬ್ಯಾಟರಿ ಹಾಕಿಟ್ಟು ಮರೆತರೆ ಸೋರಿ ಒಳಗೆಲ್ಲ ತುಕ್ಕು ಹಿಡಿಯುತ್ತದೆ. ಮನೆಗಳನ್ನು ಒರೆಸಲು ಹಿಂಡಿದ ಮೆತ್ತನೆಯ ಬಟ್ಟೆ ಸಾಕು, ಸ್ಪಿರಿಟ್ಟು, ಫಿನಾಯಿಲು ಬೇಡ. ಬೆಡ್‌ಶೀಟು ಹೊದಿಸಿ, ಆದರೆ ಸಂಜೆಗೊಮ್ಮೆ ತೆಗೆಯಲು ಸುಲಭವಾಗುವ ಜಾಗದಲ್ಲಿ ಇಡಿ. ಕಪಾಟಿನ ಮೇಲಂತೂ ಬೇಡ.