ಮನೆಯಲ್ಲಿ ನೀರಿನ ಹಾಸಿಗೆ

ಪಾರ್ಶ್ವವಾಯು ಬಡಿದು ನಮ್ಮ ಅತ್ತೆಯವರು ಹಾಸಿಗೆ ಹಿಡಿದ ಮೂರನೆಯ ವಾರದಲ್ಲಿ, ಮನೆಮನೆಗೆ ಬರುವ ಪಾಲಿಯೇಟಿವ್ ಶುಶ್ರೂಷಾ ತಂಡದವರು ಚಾವಡಿಯಲ್ಲಿ ರಬ್ಬರಿನ ಸುರುಳಿಯೊಂದನ್ನು ಇಳಿಸಿ, "ಇದಕ್ಕೆ ನೀರು ತುಂಬಿಸಿ ಅಮ್ಮನನ್ನು ಮಲಗಿಸಿ" ಎಂದು ಹೇಳಿ ಮುಂದಿನ ಮನೆಗೆ ನಡೆದರು. ಜೊತೆಗೆ ಕೊಟ್ಟ ಕಾಗದ ಮಲಯಾಳದಲ್ಲಿತ್ತು. ಕಾಸರಗೋಡಿನ ಅನೇಕ ಕನ್ನಡ ಮನೆಗಳಂತೆ ನಮ್ಮಲ್ಲಿಯೂ ಮಲಯಾಳದ ಮಾತು ಬರುತ್ತದೆ, ಅಕ್ಷರ ಬಾರದು. ಆ ಕಾಗದವನ್ನು ಓದಲಾರದೆ ನಾವು ಮಾಡಿದ ತಪ್ಪುಗಳೇ ಈ ಲೇಖನಕ್ಕೆ ಕಾರಣ.

ವಾಟರ್ ಬೆಡ್ ಎಂದೊಡನೆ ಶ್ರೀಮಂತರ ಶಯ್ಯಾಗೃಹ ನೆನಪಾಗುವುದುಂಟು. ಅಮೆರಿಕದ ಸಾನ್ ಫ್ರಾನ್ಸಿಸ್ಕೋದಲ್ಲಿ ಚಾರ್ಲ್ಸ್ ಹಾಲ್ ಎಂಬ ವಿದ್ಯಾರ್ಥಿ 1968ರಲ್ಲಿ ರೂಪಿಸಿದ ಸುಖಶಯ್ಯೆ ಅದು. ಆದರೆ ನೀರಿನ ಹಾಸಿಗೆ ಅದಕ್ಕಿಂತ ನೂರಕ್ಕೂ ಹೆಚ್ಚು ವರ್ಷ ಹಿಂದೆಯೇ ರೋಗಿಗಳಿಗಾಗಿ ಹುಟ್ಟಿತ್ತು. ಸ್ಕಾಟ್ಲೆಂಡಿನ ವೈದ್ಯ ನೀಲ್ ಆರ್ನಾಟ್ 1832ರಲ್ಲಿ ನೀರು ತುಂಬಿದ ತೊಟ್ಟಿಯ ಮೇಲೆ ರಬ್ಬರು ಲೇಪಿಸಿದ ಬಟ್ಟೆಯನ್ನು ಹೊದಿಸಿ, ಅದರ ಮೇಲೆ ಹಗುರವಾದ ಹಾಸಿಗೆ ಹಾಸಿ ರೋಗಿಯನ್ನು ಮಲಗಿಸಿದನು. ಅದಕ್ಕೆ ಅವನು ಪೇಟೆಂಟು ಪಡೆಯಲಿಲ್ಲ. ಬೇಕಾದವರು ಮಾಡಿಕೊಳ್ಳಲಿ ಎಂದು ಬಿಟ್ಟನು.

ಅವನು ತಡೆಯಬಯಸಿದ್ದು ಹಾಸಿಗೆ ಹುಣ್ಣನ್ನು. ಅಲುಗಾಡದೆ ಮಲಗಿದವರ ದೇಹಭಾರವೆಲ್ಲ ಬಾಲಮೂಳೆ, ಸೊಂಟದ ಪಕ್ಕ, ಹಿಮ್ಮಡಿ, ಹೆಗಲಿನ ಮೂಳೆ, ತಲೆಯ ಹಿಂಭಾಗ ಇಂಥ ಕೆಲವೇ ಸ್ಥಳಗಳ ಮೇಲೆ ಬೀಳುತ್ತದೆ. ಅಲ್ಲಿ ರಕ್ತನಾಳಗಳು ಅದುಮಿ ಹೋಗಿ, ರಕ್ತ ಹರಿಯದೆ ಮಾಂಸ ಸಾಯುತ್ತದೆ. ನೀರು ದೇಹದ ಆಕಾರಕ್ಕೆ ತಕ್ಕಂತೆ ತಗ್ಗಿ ಭಾರವನ್ನು ಹರಡುವುದರಿಂದ ಈ ಒತ್ತಡ ಕಡಿಮೆಯಾಗುತ್ತದೆ.

ಈ ತತ್ತ್ವ ತಿಳಿಯದ ನಾವು, ಹೆಚ್ಚು ನೀರಿದ್ದಷ್ಟು ಮೆತ್ತಗಾಗುವುದೆಂದು ಭಾವಿಸಿ ಪಂಪಿನ ಪೈಪು ಇಟ್ಟು ಹಾಸಿಗೆ ಬಿಗಿಯುವಷ್ಟು ತುಂಬಿಸಿದೆವು. "ಕಲ್ಲಿನ ಮೇಲೆ ಮಲಗಿದ ಹಾಗಿದೆ ಮಗಾ" ಎಂದು ಅತ್ತೆಯವರು ತೊದಲುತ್ತ ಹೇಳಿದರೂ ಅಭ್ಯಾಸವಿಲ್ಲದ್ದಕ್ಕೆ ಹಾಗೆನ್ನುತ್ತಾರೆ ಎಂದುಕೊಂಡೆವು. ಐದನೆಯ ದಿನ ಬಾಲಮೂಳೆಯ ಮೇಲೆ ಕೆಂಪು ಮಚ್ಚೆ ಕಂಡಿತು. ಬಿಗಿದ ಹಾಸಿಗೆ ಹಲಗೆಗಿಂತ ಮೇಲಲ್ಲವೆಂದು ನರ್ಸಮ್ಮ ಬಂದು ಹೇಳಿದಾಗಲೇ ನಮಗೆ ತಿಳಿದದ್ದು. ಹಾಗೆಂದು ನೀರು ತೀರ ಕಡಿಮೆಯಾದರೆ ದೇಹ ತಳಕ್ಕೆ ತಾಗುತ್ತದೆ. ಪರೀಕ್ಷೆ ಸುಲಭ: ರೋಗಿ ಮಲಗಿದ ಮೇಲೆ ಸೊಂಟದ ನೇರಕ್ಕೆ ಹಾಸಿಗೆಯ ಅಡಿಗೆ ಅಂಗೈ ತೂರಿಸಿದರೆ ಮೂಳೆ ಕೈಗೆ ತಾಗಬಾರದು, ಮೇಲಿನಿಂದ ಅದುಮಿದರೆ ರಬ್ಬರು ತಗ್ಗಬೇಕು.

ತುಂಬಿಸುವ ಮೊದಲೇ ಮಂಚವನ್ನು ನೋಡಿಕೊಳ್ಳಬೇಕು. ಆರು ಅಡಿ ಉದ್ದ, ಮೂರು ಅಡಿ ಅಗಲದ ಹಾಸಿಗೆಯಲ್ಲಿ ನಾಲ್ಕು ಅಂಗುಲ ನೀರು ನಿಂತರೆ ಸುಮಾರು 170 ಲೀಟರು, ಅಂದರೆ 170 ಕಿಲೋ ಭಾರ. ಹಗ್ಗದ ಮಂಚ ಇದನ್ನು ತಾಳದು. ಗಟ್ಟಿ ಹಲಗೆಯ ಮಂಚ ಬೇಕು. ಹಲಗೆಯಲ್ಲಿ ಎದ್ದ ಮೊಳೆ, ಸಿಬಿರು ಇವೆಯೇ ಎಂದು ಕೈಯಾಡಿಸಿ ನೋಡಿ, ಹಳೆಯ ಕಂಬಳಿಯನ್ನು ಹಾಸಬೇಕು. ಹಾಸಿಗೆಯನ್ನು ಅದು ಇರಬೇಕಾದ ಸ್ಥಳದಲ್ಲಿಟ್ಟೇ ನೀರು ತುಂಬಬೇಕು, ಆಮೇಲೆ ಸರಿಸಲಾಗದು. ಬಿರಡೆ ಹಾಕುವ ಮುನ್ನ ಕಾಲ ಕಡೆಯಿಂದ ಬಾಯಿಯ ಕಡೆಗೆ ಮೆಲ್ಲನೆ ಒತ್ತಿ ಒಳಗಿನ ಗಾಳಿಯನ್ನು ಹೊರಡಿಸಬೇಕು.

ಮೇಲೆ ಒಂದೇ ಒಂದು ಹತ್ತಿಯ ಬಟ್ಟೆ, ಅದೂ ಸಡಿಲವಾಗಿ, ಆದರೆ ನಿರಿಗೆಯಿಲ್ಲದೆ. ನಾನು ಮೊದಲು ಮಡಚಿದ ರಜಾಯಿ, ಅದರ ಮೇಲೆ ಪ್ಲಾಸ್ಟಿಕ್ಕು, ಅದರ ಮೇಲೆ ಬಿಗಿದ ಹಾಸುಬಟ್ಟೆ ಎಂದು ಅಡುಕಿಟ್ಟಿದ್ದೆ. ನೀರಿನ ಗುಣವೆಲ್ಲ ಅಲ್ಲಿಗೇ ನಷ್ಟ! ಮಳೆಗಾಲದಲ್ಲಿ ಬಾವಿಯ ನೀರು ಮೈಯ ಬಿಸಿಯನ್ನು ಹೀರುತ್ತದೆ, ವೃದ್ಧರಿಗೆ ಇದು ತೊಂದರೆ. ಆಟಿ ತಿಂಗಳಲ್ಲಿ ನಾವು ಉಗುರುಬೆಚ್ಚಗಿನ ನೀರನ್ನೇ ತುಂಬಿಸಿ, ಬಟ್ಟೆಯ ಕೆಳಗೆ ತೆಳುವಾದ ಕಂಬಳಿ ಹಾಸಿದೆವು. ಕುದಿನೀರು, ಬಿಸಿನೀರಿನ ಚೀಲ ಸಲ್ಲದು. ಸೂಜಿ, ಸೇಫ್ಟಿ ಪಿನ್ನು, ಬಳೆಯ ಚೂರು, ನೋಡಲು ಬಂದ ನೆಂಟರ ಬೀಡಿ, ಇವೆಲ್ಲ ಈ ಹಾಸಿಗೆಯ ಶತ್ರುಗಳು. ನಮ್ಮದು ತೂತಾದದ್ದು ನನ್ನದೇ ಪಿನ್ನಿನಿಂದ, ನಡುರಾತ್ರಿಯಲ್ಲಿ. ಅತ್ತೆಯವರನ್ನು ಚಾಪೆಗೆ ಇಳಿಸಿ, ಬೆಳಗಾದ ಮೇಲೆ ಸೈಕಲ್ ಅಂಗಡಿಯವನಿಂದ ಟ್ಯೂಬಿಗೆ ಹಾಕುವಂತೆ ತೇಪೆ ಹಾಕಿಸಿದೆವು. ರಬ್ಬರಿಗೆ ಅದು ನಿಲ್ಲುತ್ತದೆ. ಪ್ಲಾಸ್ಟಿಕ್ಕಿನದಾದರೆ ಅದಕ್ಕೆಂದೇ ಇರುವ ಅಂಟು ಬೇಕು.

ನೀರು ನಿಂತಲ್ಲಿ ಪಾಚಿ ಕಟ್ಟಿ ವಾಸನೆ ಬರುತ್ತದೆ. ನಾವು ತಿಂಗಳಿಗೊಮ್ಮೆ ಬದಲಿಸುತ್ತಿದ್ದೆವು. ಅವರನ್ನು ಕುರ್ಚಿಯಲ್ಲಿ ಕೂರಿಸಿ ಸ್ನಾನ ಮಾಡಿಸುವ ದಿನವೇ ಅದಕ್ಕೆ ಅನುಕೂಲ. ನೀರು ತುಂಬಿದ ಪೈಪಿನ ಒಂದು ತುದಿಯನ್ನು ಹಾಸಿಗೆಯ ಬಾಯಿಯೊಳಗೂ ಇನ್ನೊಂದನ್ನು ಅಂಗಳದ ಬಾಳೆಯ ಬುಡಕ್ಕೂ ಇಟ್ಟರೆ ತಾನಾಗಿ ಹರಿದುಹೋಗುತ್ತದೆ.

ಎಲ್ಲಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಹಾಸಿಗೆ ಬಂದಿತಲ್ಲ ಎಂದು ನಾವು ಮಗ್ಗುಲು ಬದಲಿಸುವುದನ್ನೇ ಕಡಿಮೆ ಮಾಡಿದ್ದೆವು. ನೀರಿನ ಹಾಸಿಗೆ ಒತ್ತಡವನ್ನು ತಗ್ಗಿಸುತ್ತದೆ, ಇಲ್ಲವಾಗಿಸುವುದಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲೇಬೇಕು. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿಯನ್ನು ಮೇಲೆತ್ತಿಡಬೇಕು. ದಿನಕ್ಕೊಮ್ಮೆ ಬೆಳಕಿನಲ್ಲಿ ಮೈ ನೋಡಿ, ಕೆಂಪಾದಲ್ಲಿ ಬೆರಳಿನಿಂದ ಒತ್ತಿರಿ. ಬಣ್ಣ ಮಾಸದೆ ಹಾಗೆಯೇ ಉಳಿದರೆ ಹುಣ್ಣಿನ ಆರಂಭ. ಕಪ್ಪು ಮೈಯವರಲ್ಲಿ ಕೆಂಪು ಕಾಣದು. ಬಿಸಿ, ಗಟ್ಟಿತನ, ನೋವು ಇವೆಯೇ ಎಂದು ಮುಟ್ಟಿ ತಿಳಿಯಬೇಕು. ಅಂಥ ಕಡೆ ಎಣ್ಣೆ ಹಚ್ಚಿ ತಿಕ್ಕಬಾರದು. ನಾವು ಅದನ್ನೂ ಮಾಡಿದ್ದೆವು.

ಮಚ್ಚೆ ಹುಣ್ಣಾಗದೆ ಮಾಸಿತು. ಅತ್ತೆಯವರು ಹದಿನಾಲ್ಕು ತಿಂಗಳು ಆ ಹಾಸಿಗೆಯಲ್ಲಿದ್ದರು. ಕೊನೆಯ ಸ್ನಾನ ಮಾಡಿಸಿದಾಗ ಬೆನ್ನು ನಿರ್ಮಲವಾಗಿತ್ತು. ಹದಿಮೂರನೆಯ ದಿನ ಕಳೆದ ಮೇಲೆ ಹಾಸಿಗೆಯನ್ನು ಸೌಮ್ಯವಾದ ಸಾಬೂನಿನಿಂದ ತೊಳೆದು, ನೆರಳಿನಲ್ಲಿ ಒಳಹೊರಗೆ ಒಣಗಿಸಿ, ಅಂಟದಂತೆ ಪೌಡರು ಉದುರಿಸಿ, ಮಡಚದೆ ಸುರುಳಿ ಸುತ್ತಿ ತಂಡದವರಿಗೆ ಮರಳಿಸಿದೆವು. ಅದು ಮುಂದೆ ಹೋದದ್ದು ನಮ್ಮಂಥದೇ ಇನ್ನೊಂದು ಕನ್ನಡ ಮನೆಗೆ. ಇಲ್ಲಿ ಬರೆದುದನ್ನೇ ಎರಡು ಹಾಳೆಗಳಲ್ಲಿ ಕನ್ನಡದಲ್ಲಿ ಬರೆದು ಸುರುಳಿಯೊಳಗಿಟ್ಟು ಕಳುಹಿಸಿದ್ದೆ.